ಎಂಜಿನಿಯರಿಂಗ್ ಓದಿದವರು ಇತಿಹಾಸ ಪಾಠ ಮಾಡಬಹುದೇ? ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯದ ಬೋಧಕರ ಪಟ್ಟಿಯನ್ನು ಓದುವ ಬಗೆ

ಪ್ರಶ್ನೆ: ನನ್ನ ಮಗಳು ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬೆಂಗಳೂರಿನ ಖಾಸಗಿ ಲಿಬರಲ್ ಆರ್ಟ್ಸ್ (ಕಲೆ, ಸಮಾಜವಿಜ್ಞಾನ, ವಿಜ್ಞಾನಗಳನ್ನು ಬೆರೆಸಿ ಓದಿಸುವ) ವಿಶ್ವವಿದ್ಯಾಲಯವೊಂದರಲ್ಲಿ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿಯೂ ಸಾಹಿತ್ಯವನ್ನು ಉಪವಿಷಯವಾಗಿಯೂ ತೆಗೆದುಕೊಳ್ಳಬೇಕೆಂದು ಹಟ ಹಿಡಿದಿದ್ದಾಳೆ. ಅಲ್ಲಿನ ಬೋಧಕರ ಪಟ್ಟಿ ನೋಡಿ ನನಗೆ ಗೊಂದಲವಾಗಿದೆ. ಅರ್ಧದಷ್ಟು ಮಂದಿ ಅಮೆರಿಕ, ಇಂಗ್ಲೆಂಡಿನ ಪಿಎಚ್‌.ಡಿ.ಯವರು. ಎಂಜಿನಿಯರಿಂಗ್ ಓದಿದವರೊಬ್ಬರು ಇತಿಹಾಸ ಪಾಠ ಮಾಡುತ್ತಾರಂತೆ. ಕೆಲವರಿಗೆ ಪಿಎಚ್‌.ಡಿ. ಇಲ್ಲದಿದ್ದರೂ ಪ್ರೊಫೆಸರ್ ಎಂದಿದೆ. ಬಿ.ಎಡ್. ಅಂತೂ ಯಾರಿಗೂ ಇಲ್ಲ. ನಮ್ಮೂರ ಸರ್ಕಾರಿ ಪದವಿ ಕಾಲೇಜಿನಲ್ಲಿ ಆಯಾ ವಿಷಯದಲ್ಲೇ ಎಂ.ಎ. ಮಾಡಿ ನೆಟ್ ಪಾಸಾದವರಿದ್ದಾರೆ. ಇಂಥ ಪಟ್ಟಿಯನ್ನು ಹೇಗೆ ತೂಗಿ ನೋಡಬೇಕು?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಯಮದ ಮಾತನ್ನು ಮೊದಲು ಹೇಳಿ ಮುಗಿಸುತ್ತೇನೆ, ನಿಮ್ಮ ಅರ್ಧ ಅನುಮಾನ ಅಲ್ಲಿಯೇ ತೀರುತ್ತದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ವಿಶ್ವವಿದ್ಯಾಲಯದ ಬೋಧಕರಿಗೆ ಇರಬೇಕಾದ ಕನಿಷ್ಠ ಅರ್ಹತೆಯನ್ನು ನಿಗದಿಪಡಿಸುವುದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ. ಅದರ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಾಗಲು ಸಂಬಂಧಪಟ್ಟ ಅಥವಾ ಅದಕ್ಕೆ ಹತ್ತಿರದ ವಿಷಯದಲ್ಲಿ ಶೇ. 55 ಅಂಕಗಳೊಂದಿಗೆ ಸ್ನಾತಕೋತ್ತರ ಪದವಿ ಪಡೆದಿರಬೇಕು. ಜೊತೆಗೆ ರಾಷ್ಟ್ರಮಟ್ಟದ ನೆಟ್ ಅಥವಾ ನಮ್ಮ ಕೆಸೆಟ್‌ನಂಥ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಯುಜಿಸಿ ನಿಯಮಗಳಿಗೆ ಅನುಗುಣವಾಗಿ ಪಿಎಚ್‌.ಡಿ. ಮಾಡಿದವರಿಗೆ ಆ ಪರೀಕ್ಷೆಯಿಂದ ವಿನಾಯಿತಿ ಉಂಟು. ಕ್ಯುಎಸ್, ಟೈಮ್ಸ್ ಹೈಯರ್ ಎಜುಕೇಷನ್, ಶಾಂಘೈ ಎಂಬ ಮೂರು ಜಾಗತಿಕ ರ‍್ಯಾಂಕಿಂಗ್‌ಗಳಲ್ಲಿ ಯಾವುದಾದರೊಂದರ ಮೊದಲ 500 ಸ್ಥಾನಗಳೊಳಗೆ ಬರುವ ವಿದೇಶಿ ವಿಶ್ವವಿದ್ಯಾಲಯದ ಪಿಎಚ್‌.ಡಿ. ಇದ್ದರೂ ಸಾಕು. ಆದ್ದರಿಂದ ನೀವು ನೋಡಿದ ವಿದೇಶಿ ಪದವೀಧರರ ಹೆಸರಿನ ಮುಂದೆ ನೆಟ್ ಎಂದು ಬರೆದಿಲ್ಲವಾದರೆ ಅದು ಕೊರತೆಯಲ್ಲ. ಸಹ ಪ್ರಾಧ್ಯಾಪಕರಿಗೆ ಪಿಎಚ್‌.ಡಿ.ಯ ಜೊತೆಗೆ 8 ವರ್ಷಗಳ ಅನುಭವ ಮತ್ತು 7 ಸಂಶೋಧನಾ ಪ್ರಕಟಣೆಗಳನ್ನೂ, ಪ್ರಾಧ್ಯಾಪಕರಿಗೆ 10 ವರ್ಷ ಮತ್ತು 10 ಪ್ರಕಟಣೆಗಳನ್ನೂ ಅದೇ ನಿಯಮಾವಳಿ ಕೇಳುತ್ತದೆ. ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಸಹಾಯಕ ಪ್ರಾಧ್ಯಾಪಕರಿಗೂ ಪಿಎಚ್‌.ಡಿ. ಕಡ್ಡಾಯವಾಗಬೇಕಿತ್ತು, ಆ ಷರತ್ತನ್ನು 2021ರಿಂದ ಜಾರಿಗೆ ತರುವ ಉದ್ದೇಶ ಮೊದಲು ಮುಂದೂಡಲ್ಪಟ್ಟು, 2023ರ ಜುಲೈಯಲ್ಲಿ ಕೈಬಿಡಲ್ಪಟ್ಟಿತು. ಹಾಗಾಗಿ ಕಿರಿಯ ಬೋಧಕರೊಬ್ಬರಿಗೆ ಪಿಎಚ್‌.ಡಿ. ಇನ್ನೂ ಆಗಿಲ್ಲ, ನೆಟ್ ಮಾತ್ರ ಇದೆ ಎಂದರೆ ಅದೂ ನಿಯಮಬದ್ಧವೇ.

ಪಿಎಚ್‌.ಡಿ. ಇಲ್ಲದೆಯೂ ಪ್ರೊಫೆಸರ್ ಎನಿಸಿಕೊಂಡವರ ವಿಷಯ ಬೇರೆ. ಹೆಸರಿನ ಕೆಳಗೆ ಇರುವ ಪೂರ್ತಿ ಹುದ್ದೆಯನ್ನು ಮತ್ತೊಮ್ಮೆ ಓದಿ. ಬಹುಮಟ್ಟಿಗೆ ಅದು ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂದಿರುತ್ತದೆ. 2022ರಲ್ಲಿ ಯುಜಿಸಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಹುದ್ದೆಗೆ ಔಪಚಾರಿಕ ಪದವಿ ಕಡ್ಡಾಯವಲ್ಲ, ಆದರೆ ತಮ್ಮ ವೃತ್ತಿಯಲ್ಲಿ ಕನಿಷ್ಠ 15 ವರ್ಷಗಳ ಅನುಭವ ಇರಬೇಕು. ಇಂಥವರ ಸಂಖ್ಯೆ ಮಂಜೂರಾದ ಹುದ್ದೆಗಳಲ್ಲಿ ಶೇ. 10ನ್ನು ಮೀರಬಾರದು; ಅವಧಿಯೂ ಸೀಮಿತ. ನಿವೃತ್ತ ಐಎಎಸ್ ಅಧಿಕಾರಿಯೊಬ್ಬರು ಸಾರ್ವಜನಿಕ ನೀತಿಯನ್ನು, ನಾಟಕ ನಿರ್ದೇಶಕರೊಬ್ಬರು ರಂಗಭೂಮಿಯನ್ನು, ಸಂಪಾದಕರಾಗಿದ್ದವರೊಬ್ಬರು ವರದಿಗಾರಿಕೆಯನ್ನು ಕಲಿಸುವುದಾದರೆ ಅದು ಒಳ್ಳೆಯ ವ್ಯವಸ್ಥೆಯೆಂದೇ ನನ್ನ ಅಭಿಪ್ರಾಯ. ಬಜೆಟ್ ತಯಾರಿಯ ಕಾಲದಲ್ಲಿ ಕಡತವೊಂದು ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ, ಎಲ್ಲಿ ಕೂತುಬಿಡುತ್ತದೆ ಎಂಬುದನ್ನು ಪಿಎಚ್‌.ಡಿ. ಪ್ರಬಂಧಗಳಿಂದ ಕಲಿಯುವುದು ಕಷ್ಟ. ಅಮೆರಿಕದಲ್ಲಿಯೂ ಚಿತ್ರಕಲೆ, ಸೃಜನಶೀಲ ಬರವಣಿಗೆ ಮುಂತಾದವುಗಳಲ್ಲಿ ಎಂ.ಎಫ್.ಎ. ಎಂಬ ಲಲಿತಕಲೆಯ ಸ್ನಾತಕೋತ್ತರ ಪದವಿಯನ್ನೇ ಆ ಕ್ಷೇತ್ರದ ಅಂತಿಮ ಪದವಿಯೆಂದು ಎಣಿಸುತ್ತಾರೆ. ಆದರೆ ಒಂದು ವಿಭಾಗದ ಹಿರಿಯರೆಲ್ಲ ಇಂಥವರೇ ಆಗಿದ್ದರೆ, ವಿಷಯದ ಬುನಾದಿಯನ್ನು ಕಟ್ಟಿಕೊಡುವವರು ಯಾರು ಎಂದು ಕೇಳಬೇಕಾಗುತ್ತದೆ.

ಬಿ.ಎಡ್. ವಿಷಯ ಸುಲಭ. ಅದು ಶಾಲಾ ಶಿಕ್ಷಕರಿಗೆ ಬೇಕಾದ ಅರ್ಹತೆ. ಪದವಿ ತರಗತಿಗಳ ಬೋಧಕರಿಗೆ ಎಲ್ಲಿಯೂ ಅದನ್ನು ಕೇಳುವುದಿಲ್ಲ, ನಿಮ್ಮೂರ ಸರ್ಕಾರಿ ಕಾಲೇಜಿನಲ್ಲೂ ಕೇಳುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಎಂಜಿನಿಯರಿಂಗ್ ಓದಿದವರು ಇತಿಹಾಸ ಕಲಿಸುವುದೆಂದರೇನು? ಪದವಿಗಳ ಸಾಲನ್ನು ನಾವು ಸಾಮಾನ್ಯವಾಗಿ ಮೊದಲಿನಿಂದ ಕೊನೆಗೆ ಓದುತ್ತೇವೆ, ಮೊದಲು ಕಣ್ಣಿಗೆ ಬೀಳುವುದು ಬಿ.ಇ. ಅಥವಾ ಬಿ.ಟೆಕ್. ವಾಸ್ತವದಲ್ಲಿ ಅದನ್ನು ಕೊನೆಯಿಂದ ಓದಬೇಕು. ಹದಿನೆಂಟು ವರ್ಷದಲ್ಲಿ ಸಿಇಟಿ ಬರೆದು ಸೀಟು ಸಿಕ್ಕಿತೆಂದು ಎಂಜಿನಿಯರಿಂಗ್ ಸೇರಿದವರ ಸಂಖ್ಯೆ ನಮ್ಮ ನಾಡಿನಲ್ಲಿ ಎಷ್ಟೆಂಬುದು ನಿಮಗೂ ಗೊತ್ತು. ಆ ಪದವಿ ಅವರ ಮನೆಯವರ ತೀರ್ಮಾನವಾಗಿರಬಹುದು. ಐದಾರು ವರ್ಷ ಕೂತು ಬರೆದ ಪಿಎಚ್‌.ಡಿ. ಪ್ರಬಂಧ ಅವರ ಸ್ವಂತ ತೀರ್ಮಾನ. ಬೋಧಕರೊಬ್ಬರು ಯಾವ ವಿಷಯದವರು ಎಂಬುದನ್ನು ನಿರ್ಧರಿಸುವುದು ಆ ಪ್ರಬಂಧ ಮತ್ತು ಅದರ ನಂತರದ ಪ್ರಕಟಣೆಗಳು. ವಿಶ್ವವಿದ್ಯಾಲಯದ ಹೆಸರಿಗಿಂತ ಮುಂಚೆ ಪ್ರಬಂಧದ ವಿಷಯವನ್ನು ನೋಡಿ ಎಂಬುದು ಈ ಉತ್ತರದುದ್ದಕ್ಕೂ ನಾನು ಹೇಳಬೇಕೆಂದಿರುವ ಮಾತು.

ಉದಾಹರಣೆಗೆ ಒಂದು ಕಲ್ಪಿತ ವಿವರವನ್ನು ತೆಗೆದುಕೊಳ್ಳೋಣ: ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಬಿ.ಇ., ಅಭಿವೃದ್ಧಿ ಅಧ್ಯಯನದಲ್ಲಿ ಎಂ.ಎ., ಇತಿಹಾಸದಲ್ಲಿ ಪಿಎಚ್‌.ಡಿ., ಪ್ರಬಂಧ ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನದ ಕೆರೆಗಳ ನಿರ್ವಹಣೆಯ ಕುರಿತು. ಇಲ್ಲಿ ಎಂಜಿನಿಯರಿಂಗ್ ದಾರಿ ತಪ್ಪಿದ ಹೆಜ್ಜೆಯಲ್ಲ. ಏರಿ ಎಷ್ಟು ಎತ್ತರವಿದ್ದರೆ ಎಷ್ಟು ನೀರು ನಿಲ್ಲುತ್ತದೆ, ತೂಬು ಯಾವ ಮಟ್ಟದಲ್ಲಿದ್ದರೆ ಯಾವ ಗದ್ದೆಗೆ ನೀರು ಏರುತ್ತದೆ, ಕೋಡಿ ಬಿದ್ದಾಗ ಹೆಚ್ಚಾದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿದವರಿಗೆ ಮಾತ್ರ ಕಂದಾಯದ ಕಡತದಲ್ಲಿರುವ ಜಗಳದ ಅರ್ಥ ಹೊಳೆಯುತ್ತದೆ. ಆದರೆ ಅಷ್ಟೇ ಸಾಲದು. ಹಳೆಯ ದಾಖಲೆಗಳ ಕನ್ನಡವನ್ನು ಓದಲು ಬರಬೇಕು, ಕೆರೆಯ ನೀರು ಹಂಚುವ ನೀರುಗಂಟಿಯ ಹಕ್ಕು-ಬಾಧ್ಯತೆಗಳೇನು, ಶಾಸನಗಳಲ್ಲಿ ಬರುವ ದಶಬಂಧದಂಥ ಕೆರೆ ದತ್ತಿಗಳು ಏನನ್ನು ಕೊಡುತ್ತಿದ್ದವು ಎಂಬುದು ಗೊತ್ತಿರಬೇಕು, ಬ್ರಿಟಿಷ್ ಅಧಿಕಾರಿ ಬರೆದ ವರದಿಯನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ವಿವೇಕ ಬೇಕು. ಇದನ್ನು ಕಲಿಸುವುದು ಇತಿಹಾಸದ ತರಬೇತಿ. ಎರಡೂ ಇರುವ ವ್ಯಕ್ತಿ ನಿಮ್ಮ ಮಗಳ ತರಗತಿಗೆ ಬಂದರೆ ಅದು ಅವಳ ಅದೃಷ್ಟ.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಕಲ್ಪಿತ ವಿವರ: ಬಿ.ಟೆಕ್., ಎಂಬಿಎ, ನಿರ್ವಹಣಾಶಾಸ್ತ್ರದಲ್ಲಿ ಪಿಎಚ್‌.ಡಿ.; ಕಲಿಸುವ ವಿಷಯ ಭಾರತೀಯ ತತ್ವಶಾಸ್ತ್ರ; ಪ್ರಕಟಣೆಗಳೆಲ್ಲ ಮಾರುಕಟ್ಟೆ ಸಮೀಕ್ಷೆಗೆ ಸಂಬಂಧಿಸಿದವು; ಸಂಸ್ಕೃತ, ಪಾಳಿ, ಪ್ರಾಕೃತಗಳಲ್ಲಿ ಯಾವುದರ ಪರಿಚಯವೂ ನಮೂದಾಗಿಲ್ಲ. ಇಲ್ಲಿ ನಿಮ್ಮ ಅನುಮಾನ ಸರಿಯಾದದ್ದೇ. ಅಂತರ್‌ಶಿಸ್ತೀಯ ಎಂಬ ಹೆಸರಿನ ಆಶ್ರಯದಲ್ಲಿ ಆಸಕ್ತಿಯನ್ನೇ ಅರ್ಹತೆಯೆಂದು ದಾಟಿಸುವ ರೂಢಿ ಕೆಲವೆಡೆ ಬೆಳೆದಿದೆ. ಒಂದು ಶಿಸ್ತಿನಿಂದ ಇನ್ನೊಂದಕ್ಕೆ ಬಂದವರು ಎರಡನೆಯದರ ಸಾಧನಗಳನ್ನು, ಅಂದರೆ ಭಾಷೆ, ಆಕರ, ವಿಧಾನಗಳನ್ನು ಕಷ್ಟಪಟ್ಟು ಕಲಿತಿದ್ದಾರೆಯೇ ಎಂಬುದೊಂದೇ ಪರೀಕ್ಷೆ.

ಪ್ರಾಚೀನ ಭಾರತದ ಇತಿಹಾಸಕಾರ ದಾಮೋದರ ಧರ್ಮಾನಂದ ಕೋಸಂಬಿಯವರು ಈ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಾರೆ. ಗೋವಾದಲ್ಲಿ 1907ರಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ 1929ರಲ್ಲಿ ಪದವಿ ಮುಗಿಸಿದ ಅವರು ಜೀವನವಿಡೀ ಸಂಬಳ ಪಡೆದದ್ದು ಗಣಿತಕ್ಕೆ: ಬನಾರಸ್, ಅಲಿಗಢ, ಪುಣೆಯ ಫರ್ಗ್ಯುಸನ್ ಕಾಲೇಜು, ಆಮೇಲೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಅವರು ಪಿಎಚ್‌.ಡಿ. ಮಾಡಲಿಲ್ಲ, ಇತಿಹಾಸದಲ್ಲಿ ಅವರಿಗೆ ಯಾವ ಪದವಿಯೂ ಇರಲಿಲ್ಲ. ತಕ್ಷಶಿಲೆಯಲ್ಲಿ ಸಿಕ್ಕಿದ ಮುದ್ರೆಯೊತ್ತಿದ ಬೆಳ್ಳಿ ನಾಣ್ಯಗಳ ರಾಶಿಯನ್ನು ಅವರು ಒಂದೊಂದಾಗಿ ಸೂಕ್ಷ್ಮವಾಗಿ ತೂಗಿದರು. ಕೈಯಿಂದ ಕೈಗೆ ಹೋಗುತ್ತ ನಾಣ್ಯ ಸವೆಯುತ್ತದೆ. ಹೆಚ್ಚು ಕಾಲ ಚಲಾವಣೆಯಲ್ಲಿದ್ದ ಗುಂಪಿನ ಸರಾಸರಿ ತೂಕ ಇಳಿಯುತ್ತದೆ, ತೂಕಗಳ ನಡುವಣ ಏರುಪೇರು ಹೆಚ್ಚುತ್ತದೆ. ಈ ಸಂಖ್ಯಾಶಾಸ್ತ್ರದ ತತ್ವದಿಂದ ನಾಣ್ಯಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಬಹುದೆಂದು ತೋರಿಸಿದವರು ಅವರು. ಜೊತೆಗೆ ಭರ್ತೃಹರಿಯ ಸುಭಾಷಿತಗಳ ಹಸ್ತಪ್ರತಿಗಳನ್ನು ಹೋಲಿಸಿ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸುವಷ್ಟು ಸಂಸ್ಕೃತವನ್ನೂ ಕಲಿತಿದ್ದರು. ಇಂದಿನ ನಿಯಮಾವಳಿಯಲ್ಲಿ ಅವರು ಇತಿಹಾಸ ವಿಭಾಗದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಲೂ ಆಗುತ್ತಿರಲಿಲ್ಲ. ಇದು ನಿಯಮಾವಳಿಗೆ ಶೋಭೆ ತರುವ ಸಂಗತಿಯಲ್ಲವಾದರೂ, ಎಲ್ಲ ಗಣಿತಜ್ಞರೂ ಕೋಸಂಬಿಯಾಗುವುದಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ನಮ್ಮವರೇ ಆದ ಎ.ಕೆ. ರಾಮಾನುಜನ್ ಅವರ ದಾರಿ ಇನ್ನೂ ಸ್ಪಷ್ಟ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಬೆಳಗಾವಿ, ಬರೋಡಾಗಳಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದ ಅವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಪಡೆದು, ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಭಾಷಾವಿಜ್ಞಾನದ ಪಿಎಚ್‌.ಡಿ. ಮುಗಿಸಿದರು, ಪ್ರಬಂಧದ ವಿಷಯ ಕನ್ನಡದ ವ್ಯಾಕರಣ. ಷಿಕಾಗೊದಲ್ಲಿ ಅವರು ಕಲಿಸಿದ್ದು ದ್ರಾವಿಡ ಭಾಷೆಗಳನ್ನೂ ಭಾಷಾವಿಜ್ಞಾನವನ್ನೂ. ಜಗತ್ತು ಅವರನ್ನು ಅರಿತದ್ದು ವಚನಗಳ ಮತ್ತು ಸಂಗಂ ಕಾವ್ಯದ ಅನುವಾದಕರಾಗಿ, ಜಾನಪದ ವಿದ್ವಾಂಸರಾಗಿ. ಇವರ ಪದವಿಗಳನ್ನು ಪಟ್ಟಿಯಲ್ಲಿ ಮಾತ್ರ ನೋಡಿದವರು ಇಂಗ್ಲಿಷ್ ಎಂ.ಎ.ಯವರು ತಮಿಳು ಕಾವ್ಯವನ್ನು ಹೇಗೆ ಕಲಿಸುತ್ತಾರೆ ಎಂದೇ ಕೇಳುತ್ತಿದ್ದರು. ಬೋಧಕರು ವಿಷಯದಿಂದ ವಿಷಯಕ್ಕೆ ನಡೆಯುವ ಈ ಬಗೆ ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯಗಳ ಹೊಸ ಆವಿಷ್ಕಾರವೇನಲ್ಲ. ಅವು ಅದಕ್ಕೆ ಬಾಗಿಲು ತೆರೆದಿಟ್ಟಿವೆ ಅಷ್ಟೆ. 2018ರ ನಿಯಮ ‘ಸಂಬಂಧಪಟ್ಟ ವಿಷಯ’ದ ಮೇಲೆ ಒತ್ತು ಕೊಟ್ಟಿರುವುದರಿಂದ ಸರ್ಕಾರಿ ಸಂಸ್ಥೆಗಳು ಪಾರಂಪರಿಕ ವಿಷಯದವರನ್ನೇ ತೆಗೆದುಕೊಳ್ಳುವುದು ಸುರಕ್ಷಿತವೆಂದು ಭಾವಿಸುತ್ತವೆ. ಕೆಳಗಿನ ಪದವಿಗಳು ಬೇರೆ ವಿಷಯದಲ್ಲಿದ್ದರೂ ಪಿಎಚ್‌.ಡಿ. ಅಥವಾ ನೆಟ್‌ನ ವಿಷಯವನ್ನೇ ಅರ್ಹತೆಯಾಗಿ ಪರಿಗಣಿಸಬಹುದೆಂಬ ಸಲಹೆ 2025ರ ಜನವರಿಯಲ್ಲಿ ಯುಜಿಸಿ ಪ್ರಕಟಿಸಿದ ಕರಡಿನಲ್ಲಿತ್ತು. ಆ ಕರಡು ಕುಲಪತಿಗಳ ನೇಮಕದ ವಿಚಾರದಲ್ಲಿ ರಾಜ್ಯಗಳ ವಿರೋಧವನ್ನು ಎದುರಿಸಿದ್ದರಿಂದ ಈ ಸಣ್ಣ ಅಂಶ ಯಾರ ಗಮನಕ್ಕೂ ಹೆಚ್ಚಾಗಿ ಬರಲಿಲ್ಲ.

ಇದೇ ಧೋರಣೆಯನ್ನು ಕೊನೆಯ ತುದಿಯವರೆಗೆ ಒಯ್ದ ಕಾಲೇಜೊಂದಿದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ನಲ್ಲಿರುವ ಸೇಂಟ್ ಜಾನ್ಸ್ ಕಾಲೇಜಿನಲ್ಲಿ 1937ರಿಂದ ವಿಭಾಗಗಳೇ ಇಲ್ಲ. ಬೋಧಕರಿಗೆ ಪ್ರೊಫೆಸರ್ ಎಂಬ ಹುದ್ದೆಯೂ ಇಲ್ಲ, ಎಲ್ಲರೂ ‘ಟ್ಯೂಟರ್’ಗಳೇ. ಜೀವವಿಜ್ಞಾನದ ಪಿಎಚ್‌.ಡಿ.ಯವರು ಗ್ರೀಕ್ ಭಾಷೆಯ ತರಗತಿಯನ್ನೂ, ತತ್ವಶಾಸ್ತ್ರದವರು ಯೂಕ್ಲಿಡ್‌ನ ರೇಖಾಗಣಿತವನ್ನೂ ನಡೆಸಬೇಕಾಗುತ್ತದೆ. ತಮಗೆ ಬಾರದ್ದನ್ನು ವಿದ್ಯಾರ್ಥಿಗಳಿಗಿಂತ ಸ್ವಲ್ಪ ಮುಂದೆ ನಿಂತು ಕಲಿಯುವುದು ಅಲ್ಲಿ ಕೆಲಸದ ಭಾಗ. ಭಾರತದಲ್ಲಿ ಹಾಗಿಲ್ಲ. ಸೋನಿಪತ್‌ನ ಅಶೋಕ, ಪುಣೆಯ ಫ್ಲೇಮ್, ಶ್ರೀಸಿಟಿಯ ಕ್ರಿಯಾ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ಮುಂತಾದ ಕಡೆ ಬೋಧಕರು ತಮ್ಮ ತಮ್ಮ ವಿಷಯದ ವಿಭಾಗ ಅಥವಾ ಗುಂಪಿಗೆ ಸೇರಿದವರೇ. ಮೊದಲ ವರ್ಷದ ಸಾಮಾನ್ಯ ಪತ್ರಿಕೆಗಳಲ್ಲಿ ಮಾತ್ರ ಬೇರೆ ಬೇರೆ ಶಿಸ್ತಿನವರು ಒಂದೇ ಪಾಠಕ್ಕೆ ಕೈಹಾಕುತ್ತಾರೆ. ಆದ್ದರಿಂದ ಯಾರು ಬೇಕಾದರೂ ಏನು ಬೇಕಾದರೂ ಕಲಿಸುತ್ತಾರೆ ಎಂಬ ಭಯ ಬೇಡ.

ವಿದೇಶಿ ಪಿಎಚ್‌.ಡಿ. ಬಗ್ಗೆ. ಅಮೆರಿಕದಲ್ಲಿ ಈ ಪದವಿಗೆ ಸಾಮಾನ್ಯವಾಗಿ ಐದರಿಂದ ಏಳು ವರ್ಷ ಹಿಡಿಯುತ್ತದೆ. ಮೊದಲ ಎರಡು ವರ್ಷ ತರಗತಿಗಳು, ಆಮೇಲೆ ಇಡೀ ವಿಷಯವನ್ನು ವ್ಯಾಪಿಸುವ ಪರೀಕ್ಷೆ, ಅದರ ನಂತರ ಪ್ರಬಂಧ. ಮಧ್ಯೆ ಪದವಿ ವಿದ್ಯಾರ್ಥಿಗಳಿಗೆ ಸಹಾಯಕರಾಗಿ ಚರ್ಚಾ ತರಗತಿ ನಡೆಸುವ, ಉತ್ತರ ಪತ್ರಿಕೆ ತಿದ್ದುವ ಕೆಲಸ. ಹೀಗಾಗಿ ಅಲ್ಲಿಂದ ಬಂದವರಿಗೆ ವಿಷಯದ ಹರವೂ ಸಣ್ಣ ತರಗತಿ ನಡೆಸಿದ ಅಭ್ಯಾಸವೂ ಇರುತ್ತದೆ. ಬ್ರಿಟನ್ನಿನಲ್ಲಿ ಮೂರು ನಾಲ್ಕು ವರ್ಷ, ಹೆಚ್ಚುಕಡಿಮೆ ನೇರವಾಗಿ ಸಂಶೋಧನೆ. ಆಕ್ಸ್‌ಫರ್ಡ್‌ನವರು ಅದನ್ನು ಡಿ.ಫಿಲ್. ಎನ್ನುತ್ತಾರೆ, ಎರಡೂ ಒಂದೇ. ನಮ್ಮಲ್ಲಿ 2022ರ ಯುಜಿಸಿ ನಿಯಮದಂತೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಕಾಗದದ ಮೇಲಿನ ಈ ವ್ಯತ್ಯಾಸಕ್ಕಿಂತ ಮಾರ್ಗದರ್ಶಕರು ಯಾರು, ಆ ವಿಭಾಗದಲ್ಲಿ ಆ ವಿಷಯದ ಮೇಲೆ ಕೆಲಸ ನಡೆಯುತ್ತಿತ್ತೇ ಎಂಬುದು ಹೆಚ್ಚು ಮುಖ್ಯ. ಮೊದಲ 500ರ ನಿಯಮ ಇದನ್ನು ಗಮನಿಸುವುದೇ ಇಲ್ಲ, ಏಕೆಂದರೆ ಆ ಸ್ಥಾನ ಇಡೀ ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು. ಕರ್ನಾಟಕದ ಗ್ರಾಮೀಣ ಸಾಲದ ಬಗ್ಗೆ ಬೆಂಗಳೂರಿನ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆಯಾದ ಐಸೆಕ್‌ನಲ್ಲಿ ಪಿಎಚ್‌.ಡಿ. ಮಾಡಿದವರು, ಅದೇ ವಿಷಯವನ್ನು ಭಾರತದ ಪರಿಣತರೇ ಇಲ್ಲದ ದೊಡ್ಡ ಹೆಸರಿನ ವಿಭಾಗವೊಂದರಲ್ಲಿ ಮಾಡಿದವರಿಗಿಂತ ಒಳ್ಳೆಯ ತರಬೇತಿ ಪಡೆದಿರುವ ಸಾಧ್ಯತೆಯೇ ಹೆಚ್ಚು. ನೇಮಕ ಸಮಿತಿಗಳು ಇದನ್ನು ಮರೆತು ಹೆಸರಿಗೆ ಮನಸೋಲುವುದನ್ನು ಹತ್ತಿರದಿಂದ ಕಂಡಿದ್ದೇನೆ.

ಪ್ರಬಂಧವನ್ನು ನೋಡಿ ಎಂದೆನಲ್ಲ, ಎಲ್ಲಿ ನೋಡಬೇಕೆಂಬುದನ್ನೂ ಹೇಳಬೇಕು. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹೆಸರು ಹಾಕಿ ಹುಡುಕಿ, ಪೀಠಿಕೆಯ ಹತ್ತು ಪುಟ ಓದಿದರೆ ಆ ವ್ಯಕ್ತಿ ಯಾವ ಬಗೆಯ ಪ್ರಶ್ನೆ ಕೇಳುವವರೆಂಬುದು ತಿಳಿಯುತ್ತದೆ. ವಿಷಯ ಗೊತ್ತಿಲ್ಲದವರಿಗೂ ತಿಳಿಯುತ್ತದೆ. ಹಾಗೆಯೇ ಹೆಸರಿನ ಹಿಂದೆ ಡಾ. ಎಂದಿದ್ದ ಮಾತ್ರಕ್ಕೆ ಒಪ್ಪಿಕೊಳ್ಳಬೇಡಿ. ಗೌರವ ಡಾಕ್ಟರೇಟ್ ಸಂಶೋಧನೆಗೆ ಕೊಡುವ ಪದವಿಯಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜದಂತೆ ಅದೊಂದು ಸನ್ಮಾನ, ಬೋಧಕ ಹುದ್ದೆಗೆ ಅರ್ಹತೆಯಾಗಿ ನಡೆಯುವುದಿಲ್ಲ. ಆನ್‌ಲೈನ್ ತರಬೇತಿ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆಗೂಡಿ ಕೊಡುವ ಆನ್‌ಲೈನ್ ಪಿಎಚ್‌.ಡಿ.ಗೆ ಮಾನ್ಯತೆ ಇಲ್ಲವೆಂದು 2022ರಲ್ಲೇ ಯುಜಿಸಿ ಎಚ್ಚರಿಸಿದೆ.

ಒಬ್ಬೊಬ್ಬರನ್ನು ನೋಡಿದ ಮೇಲೆ ಪಟ್ಟಿಯನ್ನು ಒಟ್ಟಾಗಿ ನೋಡಬೇಕು, ಅಲ್ಲಿ ಬೇರೆಯದೇ ಚಿತ್ರ ಕಾಣುತ್ತದೆ. ನಮ್ಮ ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳ ದೊಡ್ಡ ದೌರ್ಬಲ್ಯವೆಂದರೆ ಎಂ.ಎ.ಯಿಂದ ಪಿಎಚ್‌.ಡಿ.ಯವರೆಗೆ ಅಲ್ಲಿಯೇ ಓದಿ, ತಮ್ಮ ಗುರುಗಳ ಪಕ್ಕದ ಕೊಠಡಿಯಲ್ಲೇ ಪಾಠಕ್ಕೆ ನಿಂತವರು ಬಹಳ ಮಂದಿ ಇರುವುದು. ಅಮೆರಿಕದ ಹೆಚ್ಚಿನ ವಿಭಾಗಗಳು ತಮ್ಮಲ್ಲಿಯೇ ಪಿಎಚ್‌.ಡಿ. ಮುಗಿಸಿದವರನ್ನು ಕೂಡಲೇ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಕಾನೂನಲ್ಲ, ರೂಢಿ. ಖಾಸಗಿ ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯಗಳು ಈ ದೋಷದಿಂದ ಪಾರಾಗಿವೆ, ಆದರೆ ಇನ್ನೊಂದಕ್ಕೆ ಸಿಕ್ಕಿವೆ. ದೆಹಲಿಯ ಕೆಲವೇ ಕಾಲೇಜುಗಳು, ಅಲ್ಲಿಂದ ಜೆಎನ್‌ಯು ಅಥವಾ ದೆಹಲಿ ವಿಶ್ವವಿದ್ಯಾಲಯ, ಅಲ್ಲಿಂದ ಅಮೆರಿಕ ಇಲ್ಲವೇ ಇಂಗ್ಲೆಂಡ್ ಎಂಬ ಒಂದೇ ದಾರಿಯಲ್ಲಿ ನಡೆದು ಬಂದವರು ಅಲ್ಲಿ ಎದ್ದು ಕಾಣುತ್ತಾರೆ. ಪದವಿಗಳು ಬೇರೆ ಬೇರೆ ದೇಶದವಾದರೂ ಓದಿದ ಪುಸ್ತಕಗಳೂ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತವೆ. ಈ ದಾರಿಯಲ್ಲಿ ನಡೆಯಲು ಹಣ, ಇಂಗ್ಲಿಷ್, ನಗರದ ಶಾಲೆ ಬೇಕು ಎಂಬುದನ್ನು ಮರೆಯುವಂತಿಲ್ಲ. ಕೇಂದ್ರ ಮತ್ತು ರಾಜ್ಯ ಸಂಸ್ಥೆಗಳಲ್ಲಿ ಬೋಧಕರ ನೇಮಕಕ್ಕೆ ಇರುವ ಮೀಸಲಾತಿಯ ಕಟ್ಟುಪಾಡು ಖಾಸಗಿ ವಿಶ್ವವಿದ್ಯಾಲಯಗಳಿಗೆ ಆ ರೂಪದಲ್ಲಿ ಇಲ್ಲ. ಹೈದರಾಬಾದ್, ತಿರುವನಂತಪುರ, ಪುಣೆ, ಧಾರವಾಡ, ಮೈಸೂರುಗಳಲ್ಲಿ ಓದಿದವರೂ ನಾಲ್ಕು ಮಂದಿ ಆ ಪಟ್ಟಿಯಲ್ಲಿದ್ದರೆ ಅದನ್ನು ನಾನು ಒಳ್ಳೆಯ ಲಕ್ಷಣವೆಂದು ಗಣಿಸುತ್ತೇನೆ.

ವಯಸ್ಸೂ ಒಂದು ಅಂಶ. ಈ ಬಗೆಯ ಸಂಸ್ಥೆಗಳೆಲ್ಲ ಹೊಸವು: ಅಜೀಂ ಪ್ರೇಮ್‌ಜಿ 2010ರದು, ಅಶೋಕ 2014ರದು, ಕ್ರಿಯಾ 2018ರದು. ಹೊಸ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಮೇಲೆ ಕೆಲವು ದೊಡ್ಡ ಹೆಸರುಗಳೂ ಕೆಳಗೆ ಆಗತಾನೆ ಪಿಎಚ್‌.ಡಿ. ಮುಗಿಸಿದವರ ದೊಡ್ಡ ಗುಂಪೂ ಇರುತ್ತವೆ. ಹತ್ತು ಹದಿನೈದು ವರ್ಷ ಪಾಠ ಮಾಡಿ ಪಳಗಿದ ನಡುವಿನವರು ಕಡಿಮೆ. ದೊಡ್ಡ ಹೆಸರಿನವರು ಪೂರ್ಣಾವಧಿಯವರೋ ಸಂದರ್ಶಕ ಪ್ರಾಧ್ಯಾಪಕರೋ ನೋಡಿ. ವರ್ಷಕ್ಕೆ ಎರಡು ವಾರ ಬಂದು ಹೋಗುವವರಿಂದ ಮೊದಲ ವರ್ಷದ ವಿದ್ಯಾರ್ಥಿನಿಗೆ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಬರವಣಿಗೆ ಮತ್ತು ವಿಮರ್ಶಾತ್ಮಕ ಚಿಂತನೆಯ ತರಗತಿಗಳನ್ನು ಹಲವೆಡೆ ಟೀಚಿಂಗ್ ಫೆಲೋಗಳಿಗೆ ವಹಿಸುತ್ತಾರೆ. ಅವರಲ್ಲಿ ಬಹಳ ಒಳ್ಳೆಯವರಿರುತ್ತಾರೆ, ಆದರೆ ಗುತ್ತಿಗೆ ಮುಗಿದು ಹೊರಟುಹೋಗುತ್ತಾರೆ.

ನಿಮ್ಮೂರ ಕಾಲೇಜಿನ ಬಗ್ಗೆ ನ್ಯಾಯವಾಗಿ ಒಂದು ಮಾತು. ಒಂದೇ ವಿಷಯದಲ್ಲಿ ಎಂ.ಎ. ಮಾಡಿದ ಅಲ್ಲಿನ ಉಪನ್ಯಾಸಕರು ಸಂಕುಚಿತ ಓದಿನವರು ಎಂದು ಭಾವಿಸಬೇಕಾಗಿಲ್ಲ. ಕರ್ನಾಟಕದ ಬಿ.ಎ. ಪದವಿ ಬಹುಕಾಲದಿಂದ ಮೂರು ಐಚ್ಛಿಕ ವಿಷಯ ಮತ್ತು ಎರಡು ಭಾಷೆಗಳ ಮೇಲೆ ನಿಂತದ್ದು. ಎಚ್‌ಇಪಿ ಓದಿದವರು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರನ್ನೂ ಮೂರು ವರ್ಷ ಓದಿ, ಜೊತೆಗೆ ಪಂಪನನ್ನೋ ಕುಮಾರವ್ಯಾಸನನ್ನೋ ಸ್ವಲ್ಪ ಓದಿರುತ್ತಿದ್ದರು. ದೆಹಲಿಯ ಆನರ್ಸ್ ಪದವೀಧರರಿಗೆ ಈ ಹರವು ಇರಲಿಲ್ಲ. ಅಂಥ ಬಿ.ಎ. ಮಾಡಿ, ನೆಟ್ ಪಾಸಾಗಿ, ಹದಿನೈದು ವರ್ಷ ಹಳ್ಳಿ ಮಕ್ಕಳಿಗೆ ಕಲಿಸಿದವರ ಪಾಠ ಎಷ್ಟೋ ವಿದೇಶಿ ಪಿಎಚ್‌.ಡಿ.ಗಳ ಪಾಠಕ್ಕಿಂತ ಸೊಗಸಾಗಿರಬಹುದು. ತೊಡಕಿರುವುದು ಬೇರೆ ಕಡೆ: ನಮ್ಮ ಸರ್ಕಾರಿ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನು ಬಹಳವಾಗಿ ನೆಚ್ಚಿಕೊಂಡಿವೆ, ತರಗತಿಗಳು ದೊಡ್ಡವು, ಪಠ್ಯಕ್ರಮವನ್ನು ಬೋಧಕರು ತಾವೇ ರೂಪಿಸುವಂತಿಲ್ಲ. ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯದಲ್ಲಿ ನೀವು ಹೆಚ್ಚಿನ ಶುಲ್ಕ ತೆರುವುದು ಮುಖ್ಯವಾಗಿ ಈ ಮೂರು ತೊಡಕುಗಳಿಂದ ಪಾರಾಗುವುದಕ್ಕೆ. ಬೋಧಕರ ಪದವಿಗೆ ಆಮೇಲೆ.

ಇನ್ನು ನಿಮ್ಮ ಮಗಳ ಆಯ್ಕೆಯ ವಿಷಯ. ಅರ್ಥಶಾಸ್ತ್ರ ವಿಭಾಗದ ಬೋಧಕರಲ್ಲಿ ಎರಡು ಬಗೆಯವರಿರುತ್ತಾರೆ. ಒಂದು ಬಗೆಯವರು ಗಣಿತ, ಸಂಖ್ಯಾಶಾಸ್ತ್ರ, ಆರ್ಥಿಕ ಅಂಕಿಅಂಶಗಳನ್ನು ವಿಶ್ಲೇಷಿಸುವ ಇಕನಾಮೆಟ್ರಿಕ್ಸ್‌ನ ತರಬೇತಿಯವರು. ಇನ್ನೊಂದು ಬಗೆಯವರು ರಾಜಕೀಯ ಅರ್ಥಶಾಸ್ತ್ರ, ಅಭಿವೃದ್ಧಿ ಅಧ್ಯಯನ, ಆರ್ಥಿಕ ಇತಿಹಾಸದವರು. ಎರಡೂ ಬೇಕು. ಮುಂದೆ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಂಥ ಕಡೆ ಎಂ.ಎ. ಮಾಡುವ ಆಸೆ ಅವಳಿಗಿದ್ದರೆ ಮೊದಲ ಬಗೆಯವರು ಕನಿಷ್ಠ ಇಬ್ಬರು ಮೂವರು ಪೂರ್ಣಾವಧಿಯವರಾಗಿ ಇರಲೇಬೇಕು, ಇಲ್ಲವಾದರೆ ನಾಲ್ಕನೆಯ ಸೆಮಿಸ್ಟರ್ ಹೊತ್ತಿಗೆ ಕಲಿಯಬೇಕಾದದ್ದು ಕೈತಪ್ಪುತ್ತದೆ. ಬೋಧಕರ ಪ್ರಕಟಣೆಗಳ ಶೀರ್ಷಿಕೆಗಳನ್ನು ನೋಡಿದರೆ ಯಾರು ಯಾವ ಬಗೆಯವರೆಂದು ಸುಮಾರಾಗಿ ತಿಳಿಯುತ್ತದೆ.

ಸಾಹಿತ್ಯದ ಪಟ್ಟಿಯನ್ನು ಇನ್ನೂ ಎಚ್ಚರದಿಂದ ಓದಿ. ಈ ವಿಶ್ವವಿದ್ಯಾಲಯಗಳಲ್ಲಿ ಸಾಹಿತ್ಯವೆಂದರೆ ಬಹುಪಾಲು ಇಂಗ್ಲಿಷ್ ಸಾಹಿತ್ಯ ಮತ್ತು ಇಂಗ್ಲಿಷಿಗೆ ಅನುವಾದವಾದ ಸಾಹಿತ್ಯ. ಅಕ್ಕಮಹಾದೇವಿಯ ವಚನಗಳನ್ನು ಇಂಗ್ಲಿಷ್ ಅನುವಾದದಲ್ಲಿ, ಮೂಲವನ್ನು ಓದಲು ಬಾರದ ಬೋಧಕರಿಂದ ಕೇಳುವ ಪರಿಸ್ಥಿತಿ ಬೆಂಗಳೂರಿನಲ್ಲಿಯೇ ಬರಬಹುದು. ಬೋಧಕರ ಪೈಕಿ ಒಬ್ಬರಾದರೂ ಕನ್ನಡದ ಮೂಲ ಪಠ್ಯದ ಮೇಲೆ ಸಂಶೋಧನೆ ಮಾಡಿದವರಿದ್ದಾರೆಯೇ ಎಂದು ಪ್ರವೇಶ ವಿಭಾಗದವರನ್ನು ನೇರವಾಗಿ ಕೇಳಿ. ಇಲ್ಲವೆಂದಾದರೆ ಅದನ್ನು ಕರ್ನಾಟಕದಲ್ಲಿರುವ ವಿಶ್ವವಿದ್ಯಾಲಯವೊಂದರ ಕೊರತೆಯೆಂದೇ ನಾನು ಕರೆಯುತ್ತೇನೆ, ಅಲ್ಲಿನ ಇಂಗ್ಲಿಷ್ ವಿಭಾಗ ಎಷ್ಟೇ ಗಟ್ಟಿಯಾಗಿರಲಿ.

ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿನಿಗೆ ಇದು ಸಾಹಿತ್ಯಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯೂ ಅಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ವಾರಕ್ಕೆ ನೂರಾರು ಪುಟ ಇಂಗ್ಲಿಷ್ ಓದಿ, ತರಗತಿಯಲ್ಲಿ ಇಂಗ್ಲಿಷಿನಲ್ಲೇ ವಾದಿಸಬೇಕಾಗುತ್ತದೆ. ತಾವೂ ಹಾಗೆಯೇ ಯಾವುದಾದರೂ ದೇಶಭಾಷೆಯ ಶಾಲೆಯಿಂದ ಬಂದು ಪಿಎಚ್‌.ಡಿ.ವರೆಗೆ ಹೋದ ಬೋಧಕರು ಇಂಥ ವಿದ್ಯಾರ್ಥಿಯ ಮೌನವನ್ನು ದಡ್ಡತನವೆಂದು ತಿಳಿಯುವುದಿಲ್ಲ. ಅವರ ಶಾಲೆಯ ವಿವರ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ನೀವೇ ಕೇಳಿ ತಿಳಿಯಬೇಕು. ಭಾಷಾ ನೆರವಿನ ತರಗತಿ ಇದೆಯೇ, ಅದನ್ನು ನಡೆಸುವವರು ಕಾಯಂ ಬೋಧಕರೇ, ಮೊದಲ ವರ್ಷದ ಪ್ರಬಂಧಗಳನ್ನು ತಿದ್ದಿ ವಾಪಸು ಕೊಡುವವರು ಯಾರು ಎಂದು ಕೇಳಿ. ಕ್ಯಾಂಪಸ್ ನೋಡಲು ಹೋದ ದಿನ ಮಗಳು ಒಂದು ತರಗತಿಯಲ್ಲಿ ಕೂತು ನೋಡಲು ಅನುಮತಿ ಕೋರಿ. ಹಿಂದಿನ ಸೆಮಿಸ್ಟರ್‌ನ ಅರ್ಥಶಾಸ್ತ್ರದ ಒಂದು ಪತ್ರಿಕೆಯ ಪಾಠಯೋಜನೆಯನ್ನೂ ಕೇಳಿ ಪಡೆಯಿರಿ. ಅವೆರಡನ್ನೂ ನಿರಾಕರಿಸುವ ಸಂಸ್ಥೆಯಾದರೆ ಶುಲ್ಕ ಕಟ್ಟುವ ಕೊನೆಯ ದಿನಾಂಕದವರೆಗೆ ಕಾದು, ಅಷ್ಟರಲ್ಲಿ ಇನ್ನೊಂದೆರಡು ಕಡೆ ವಿಚಾರಿಸುವುದು ಒಳ್ಳೆಯದು.